ಬೆಂಗಳೂರು ಫುಟ್‌ಬಾಲ್: ಅಲ್ಪಾಯುಷಿ ಯಶಸ್ಸುಗಳು

ಬೆಂಗಳೂರು ಫುಟ್‌ಬಾಲಿನ ಚರಿತ್ರೆಯಲ್ಲಿ ದಶಕಗಟ್ಟಲೆ ನಿಂತ ಪ್ರಾಬಲ್ಯ ಇಲ್ಲ. ಎರಡು ವರ್ಷ, ಮೂರು ವರ್ಷ, ಹೆಚ್ಚೆಂದರೆ ಆರು ವರ್ಷ ದೇಶವೇ ತಿರುಗಿ ನೋಡುವಂತೆ ಆಡಿ ಆಮೇಲೆ ಹಿಂದೆ ಸರಿದ ತಂಡಗಳು, ಆಟಗಾರರು ಮತ್ತು ಆಟದ ಪದ್ಧತಿಗಳು ಮಾತ್ರ ಇವೆ. 1937-38ರ ಬೆಂಗಳೂರು ಮುಸ್ಲಿಮ್ಸ್, ಬರಿಗಾಲಿನ ಆಟ, 1967ರಿಂದ 1969ರವರೆಗಿನ ಮೈಸೂರು ರಾಜ್ಯ ತಂಡ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಎರಡೇ ಋತು ಉಳಿದ ಎಚ್‌ಎಎಲ್, ಮೊದಲ ಆರು ವರ್ಷಗಳ ಬೆಂಗಳೂರು ಎಫ್‌ಸಿ ಈ ಸಾಲಿಗೆ ಸೇರುತ್ತವೆ. ಪ್ರತಿಭೆ ಬತ್ತಿ ಯಶಸ್ಸು ನಿಂತ ಉದಾಹರಣೆ ಇವುಗಳಲ್ಲಿ ಬಹಳ ಕಡಿಮೆ. ಪ್ರತಿಭೆಗೆ ಆಸರೆಯಾಗಿದ್ದ ನೌಕರಿ, ಕ್ಲಬ್ಬು, ಮೈದಾನ ಅಥವಾ ನಿಯಮ ಕೈಕೊಟ್ಟದ್ದರಿಂದಲೇ ಹೆಚ್ಚಿನವು ಮುಗಿದವು.

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಗುವವರೆಗೆ ಭಾರತದ ಬಹುತೇಕ ಆಟಗಾರರ ಹೊಟ್ಟೆಪಾಡು ನಡೆದದ್ದು ಕಾರ್ಖಾನೆ, ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ಸಂಬಳದಿಂದ. ಆದ್ದರಿಂದ ಹಳೆಯ ಕಾಲದ ವಿವರಗಳಲ್ಲಿ ಆಟಗಾರನ ಏಳುಬೀಳು ಅವನ ನೌಕರಿಯ ಏಳುಬೀಳೂ ಆಗಿರುತ್ತದೆ.

ದಂಡು ಪ್ರದೇಶ ಮತ್ತು ದಕ್ಷಿಣ ಬೆಂಗಳೂರು

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೆಳೆದದ್ದು ಬ್ರಿಟಿಷ್ ದಂಡು ಇದ್ದ ಪೂರ್ವ ಭಾಗದಲ್ಲಿ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ನೀಲಸಂದ್ರಗಳ ಬಡ ಮತ್ತು ಕೆಳಮಧ್ಯಮ ವರ್ಗದ ಮನೆಗಳಿಂದ ಆಟಗಾರರು ಬಂದರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ ಮತ್ತು ಮದರ್ ತೆರೇಸಾರ ಪ್ರತಿಮೆಗಳ ಜೊತೆಯಲ್ಲೇ ಪೆಲೆಯ ಪ್ರತಿಮೆಯೂ ನಿಂತಿದೆ. ಬ್ರೆಜಿಲ್ ಆಟಗಾರನ ಪ್ರತಿಮೆ ನಿಲ್ಲಿಸಿದ ಬಡಾವಣೆ ಕರ್ನಾಟಕದಲ್ಲಿ ಬೇರೆಲ್ಲಿ ಸಿಕ್ಕೀತು?

ಹನುಮಂತನಗರ, ಗವಿಪುರ, ಬಸವನಗುಡಿ, ಜಯನಗರಗಳ ಕಥೆ ಬೇರೆ. ರಾಮಾಂಜನೇಯ ಗುಡ್ಡದ ಕೆಳಗಿನ ಬೀದಿಗಳಲ್ಲೂ ನ್ಯಾಷನಲ್ ಕಾಲೇಜು ಮೈದಾನದಲ್ಲೂ ಹುಡುಗರ ಕೈಗೆ ಬಂದದ್ದು ಬ್ಯಾಟು. ಅನಿಲ್ ಕುಂಬ್ಳೆ ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ. ದಕ್ಷಿಣದ ಪತ್ರಿಕೆ ಓದುಗರಿಗೆ ಕ್ರಿಕೆಟಿಗರ ವಂಶವೃಕ್ಷವೇ ಬಾಯಿಪಾಠವಿದ್ದರೆ, ಅದೇ ಊರಿನ ಪೂರ್ವ ತುದಿಯಿಂದ ಒಲಿಂಪಿಕ್ಸ್‌ಗೆ ಹೋದವರ ಹೆಸರು ಗೊತ್ತಿರಲಿಲ್ಲ. ಈ ಯಶಸ್ಸುಗಳು ಬೇಗ ಮರೆಯಾದದ್ದಕ್ಕೆ ಇದೂ ಒಂದು ಕಾರಣ. ನೆನಪಿನಲ್ಲಿ ಇಟ್ಟುಕೊಳ್ಳುವವರು ಊರಿನ ಅರ್ಧ ಭಾಗದಲ್ಲಿ ಮಾತ್ರ ಇದ್ದರು.

ಬೆಂಗಳೂರು ಮುಸ್ಲಿಮ್ಸ್ ಮತ್ತು ರೋವರ್ಸ್ ಕಪ್

1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಫೈನಲ್‌ನಲ್ಲಿ ಎದುರಾದದ್ದು ಮೊಹಮ್ಮಡನ್ ಸ್ಪೋರ್ಟಿಂಗ್, ಅಂದರೆ 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತ ಲೀಗ್ ಗೆದ್ದ, ಆಗಿನ ಭಾರತದ ಅತ್ಯಂತ ಬಲಿಷ್ಠ ತಂಡ. 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. ಹತ್ತು ವರ್ಷಗಳ ಬಳಿಕ, 1948ರಲ್ಲಿ, ಕ್ಲಬ್ಬು ಮೂರನೆಯ ಬಾರಿ ಗೆದ್ದಿತು.

ಅಲ್ಲಿಗೆ ಮುಗಿಯಿತು. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಎತ್ತಿದ್ದು ಸಯ್ಯದ್ ಅಬ್ದುಲ್ ರಹೀಂ ತರಬೇತಿಯ ಹೈದರಾಬಾದ್ ಪೊಲೀಸ್. ಹೈದರಾಬಾದಿನ ಹುಡುಗನಿಗೆ ಪೊಲೀಸ್ ಇಲಾಖೆಯ ಸಮವಸ್ತ್ರ, ಸಂಬಳ, ಒಬ್ಬನೇ ಗುರು ಇದ್ದರು. ಬೆಂಗಳೂರಿನ ಕ್ಲಬ್ಬಿಗೆ ಆಟಗಾರನನ್ನು ಕಟ್ಟಿಹಾಕುವಂಥ ನೌಕರಿ ಇರಲಿಲ್ಲ. ಚೆನ್ನಾಗಿ ಆಡಿದವನನ್ನು ಕಲ್ಕತ್ತ ಕರೆಯಿತು, ಅವನು ಹೋದ.

ಬರಿಗಾಲಿನ ಆಟ

ಈ ಅವಧಿಯ ಆಟದ ದೊಡ್ಡ ಲಕ್ಷಣ ಬರಿಗಾಲು. 1911ರಲ್ಲಿ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಬೂಟು ಹಾಕಿದ್ದವರು ಒಬ್ಬರೇ, ಸುಧೀರ್ ಚಟರ್ಜಿ. ಬಡತನ ಇದಕ್ಕೆ ಒಂದು ಕಾರಣವಾದರೂ ಬರಿಗಾಲು ಒಂದು ತಂತ್ರವೂ ಹೌದು. ಆ ಕಾಲದ ಬೂಟು ಕಣಕಾಲು ಮುಚ್ಚುವ ದಪ್ಪ ತೊಗಲಿನದು. ಮಳೆಯಲ್ಲಿ ನೆನೆದರೆ ಕಾಲಿಗೆ ಕಲ್ಲು ಕಟ್ಟಿದಷ್ಟು ಭಾರ. ಒಣ ನೆಲದಲ್ಲಿ ಬರಿಗಾಲಿನ ಆಟಗಾರ ಬೆರಳುಗಳ ಒಳಬದಿಯಿಂದ ಚೆಂಡನ್ನು ಉರುಳಿಸಿ, ಪಾದದಡಿ ಎಳೆದುಕೊಂಡು, ಥಟ್ಟನೆ ದಿಕ್ಕು ಬದಲಿಸಬಲ್ಲ. ಗಟ್ಟಿಯಾಗಿ ಒದೆಯುವ ಬದಲು ಹತ್ತಿರ ಹತ್ತಿರದ ಪಾಸುಗಳಿಂದ ಎದುರಾಳಿಯನ್ನು ದಾಟುವ ಶೈಲಿ ಹುಟ್ಟಿದ್ದು ಹೀಗೆ. ದಂಡು ಪ್ರದೇಶದ ಕೆಂಪು ಮಣ್ಣಿನ ಗಟ್ಟಿ ಮೈದಾನಗಳು ಈ ಆಟಕ್ಕೆ ಹೇಳಿ ಮಾಡಿಸಿದ್ದವು. ಮೈದಾನ ಒದ್ದೆಯಾದ ಕ್ಷಣ ಲೆಕ್ಕ ತಲೆಕೆಳಗಾಗುತ್ತದೆ: ಬೂಟಿನ ಮೊಳೆ ನೆಲ ಕಚ್ಚುತ್ತದೆ, ಪಾದ ಜಾರುತ್ತದೆ.

ಈ ಪದ್ಧತಿಯ ಶಿಖರವೂ ಅಂಚೂ 1948ರ ಲಂಡನ್ ಒಲಿಂಪಿಕ್ಸ್. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿದ್ದರು. ಗೋಲಿನಲ್ಲಿ ಕೆಂಚಪ್ಪ ವರದರಾಜ್, ಮುಂಚೂಣಿಯಲ್ಲಿ ಅಹ್ಮದ್ ಖಾನ್ ಮತ್ತು ಸಾರಂಗಪಾಣಿ ರಾಮನ್, ಮೂವರೂ ಮೈಸೂರು ಫುಟ್‌ಬಾಲಿನ ಕೊಡುಗೆ. ಫ್ರಾನ್ಸ್ ಮುನ್ನಡೆದಾಗ 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಶೈಲೇನ್ ಮನ್ನಾ ಮತ್ತು ಮಹಾಬೀರ್ ಪ್ರಸಾದ್ ಎರಡನ್ನೂ ಗೋಲಾಗಿಸಲಾರದೆ ಹೋದರು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ರಾಮನ್ ಹೆಸರು ಇವತ್ತು ಆ ಒಂದು ಗೋಲಿನ ಜೊತೆಗೆ ಮಾತ್ರ ಉಳಿದಿದೆ. ಬೆಂಗಳೂರಿನ ಒಂದು ರಸ್ತೆಗೋ ಮೈದಾನಕ್ಕೋ ಆ ಹೆಸರಿಡುವುದು ನಮ್ಮ ನಗರಕ್ಕೆ ಭಾರವಾಗಲಾರದು.

ನಾಲ್ಕು ವರ್ಷದಲ್ಲಿ ಈ ಆಟದ ಕಾಲ ಮುಗಿಯಿತು. 1952ರ ಜುಲೈ 15ರಂದು ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿತು. ಭಾರತದ ಏಕೈಕ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಕೌಶಲ ಬರಿಗಾಲಿಗೆ ಅಂಟಿಕೊಂಡಿರಲಿಲ್ಲ ಎಂಬುದಕ್ಕೆ 1956ರ ಮೆಲ್ಬರ್ನ್ ಒಲಿಂಪಿಕ್ಸ್ ಸಾಕ್ಷಿ. ಬೂಟು ಹಾಕಿದ ಭಾರತ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದ ಹಾಫ್‌ಬ್ಯಾಕ್ ಮರಿಯಪ್ಪ ಕೆಂಪಯ್ಯ ಬೆಂಗಳೂರಿನವರು.

ಕಲ್ಕತ್ತದ ದಾರಿ

ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿ, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಸಾಲೆ, ಧನರಾಜ್ ಮತ್ತು ಅಹ್ಮದ್ ಖಾನ್ ಸೇರಿದ ಐವರ ಮುಂಚೂಣಿಯನ್ನು ಕಲ್ಕತ್ತ ಪಂಚಪಾಂಡವರೆಂದು ಕರೆಯಿತು. 1949, 1950, 1951ರ ಮೂರೂ ಐಎಫ್‌ಎ ಶೀಲ್ಡ್‌ಗಳು ಈಸ್ಟ್ ಬೆಂಗಾಲ್‌ಗೆ ಬಂದವು. ಐದು ಮುಂಚೂಣಿ ಆಟಗಾರರಿದ್ದ ಈ ಪದ್ಧತಿಯ ಕಾಲವೂ ಮುಗಿಯುತ್ತ ಬಂದಿತ್ತು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೆರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದಾಗ ಜಗತ್ತೇ ಆಟಗಾರರ ವ್ಯೂಹವನ್ನು ಮರುಚಿಂತಿಸತೊಡಗಿತು. ಭಾರತದಲ್ಲಿ ಆ ಕೆಲಸ ಮಾಡಿದವರು ರಹೀಂ. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ಅವರ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಏಷ್ಯನ್ ಚಿನ್ನ ಆಮೇಲೆ ಭಾರತದ ಪುರುಷರಿಗೆ ಸಿಕ್ಕಿಲ್ಲ. ಒಬ್ಬನ ತಲೆಯಲ್ಲಿದ್ದ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ವ್ಯವಸ್ಥೆಯೇ ಇರಲಿಲ್ಲ.

ಬೆಂಗಳೂರಿನ ದೃಷ್ಟಿಯಿಂದ ಕಲ್ಕತ್ತದ ದಾರಿ ವರವೂ ಆಯಿತು, ನಷ್ಟವೂ ಆಯಿತು. ಆಟಗಾರರು ಬೆಳೆದರು, ಊರಿನ ಕ್ಲಬ್ಬುಗಳು ಬಡವಾದವು. 1971ರಲ್ಲಿ ಹುಟ್ಟಿದ ಕಾರ್ಲ್‌ಟನ್ ಚಾಪ್‌ಮನ್ ವರೆಗೂ ಇದೇ ನಡೆಯಿತು. ಅವರು ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಇರಾಕಿನ ಅಲ್-ಜವ್ರಾ ವಿರುದ್ಧದ 6-2ರ ಗೆಲುವಿನಲ್ಲಿ ಹ್ಯಾಟ್ರಿಕ್ ಹೊಡೆದರು. ಜೆಸಿಟಿಯಲ್ಲಿ ವಿಜಯನ್, ಭುಟಿಯಾ ಜೊತೆ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಮರುವರ್ಷ ಎಫ್‌ಸಿ ಕೊಚ್ಚಿನ್‌ಗೆ ಹೋದರು. ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು, ಕೊಚ್ಚಿನ್ ಅದಕ್ಕೂ ಮೊದಲೇ ಅಳಿಯಿತು. ಚಾಪ್‌ಮನ್ 2020ರ ಅಕ್ಟೋಬರ್‌ನಲ್ಲಿ ತಮ್ಮ 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ತೊಟ್ಟ ಅಂಗಿಗಳಲ್ಲಿ ಎರಡು ಕ್ಲಬ್ಬುಗಳು ಅವರಿಗಿಂತ ಮೊದಲೇ ಇಲ್ಲವಾಗಿದ್ದವು.

ಮೈಸೂರಿನ ಎರಡು ವರ್ಷ, ನಂತರದ 54 ವರ್ಷ

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲಿ ಮೊದಲ ಸಲ, 1952-53ರಲ್ಲಿ ಎರಡನೇ ಸಲ ಗೆದ್ದಿತು. 1967-68 ಮತ್ತು 1968-69ರಲ್ಲಿ ಸತತ ಎರಡು ಬಾರಿ ಗೆದ್ದದ್ದು ಈ ರಾಜ್ಯದ ಫುಟ್‌ಬಾಲಿನ ಅತಿ ಎತ್ತರದ ಮೆಟ್ಟಿಲು. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳ. 1975-76ರಲ್ಲಿ ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ ತಂಡ ಮತ್ತೆ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಆಮೇಲೆ ದಶಕಗಳ ಮೌನ.

2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಆ ಮೌನ ಮುರಿಯಿತು. ರವಿಬಾಬು ರಾಜು ತರಬೇತಿಯ ಕರ್ನಾಟಕ ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದಲೂ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದಲೂ ಸೋಲಿಸಿತು. ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್ ಮೂವರ ಗೋಲುಗಳೂ ಮೊದಲಾರ್ಧದಲ್ಲೇ ಬಂದವು. 54 ವರ್ಷಗಳ ಕಾಯುವಿಕೆಗೆ ಸಿಕ್ಕ ಈ ಜಯದ ಬಾಳಿಕೆ ಒಂದೇ ವರ್ಷ: ಅರುಣಾಚಲ ಪ್ರದೇಶದಲ್ಲಿ ನಡೆದ 2023-24ರ ಅಂತಿಮ ಸುತ್ತಿನಲ್ಲಿ ತಂಡ ಗುಂಪು ಹಂತವನ್ನೇ ದಾಟಲಿಲ್ಲ. ರಾಜ್ಯ ತಂಡ ವರ್ಷಕ್ಕೊಮ್ಮೆ ಕೆಲವು ವಾರಗಳ ಮಟ್ಟಿಗೆ ಕೂಡುತ್ತದೆ. ಚೆನ್ನಾಗಿ ಆಡಿದವನು ದೊಡ್ಡ ಕ್ಲಬ್ಬಿನ ಕಣ್ಣಿಗೆ ಬಿದ್ದರೆ ಮರುವರ್ಷ ಇರುವುದಿಲ್ಲ. ಇಂಥ ತಂಡಕ್ಕೆ ನಿರಂತರತೆ ಬರಬೇಕಾದರೆ ಅದರ ಹಿಂದಿನ ಸ್ಥಳೀಯ ಲೀಗ್ ಬಲವಾಗಿರಬೇಕು.

ಕಾರ್ಖಾನೆ ತಂಡಗಳು

ಸ್ವಾತಂತ್ರ್ಯಾನಂತರ ಬೆಂಗಳೂರಿನ ಫುಟ್‌ಬಾಲನ್ನು ಸಾಕಿದ್ದು ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಕಾರ್ಖಾನೆಗಳು ಮತ್ತು ಎಂಇಜಿ, ಎಎಸ್‌ಸಿ ಮುಂತಾದ ಸೇನಾ ಘಟಕಗಳು. ಆಟಗಾರನಿಗೆ ಖಾಯಂ ನೌಕರಿ, ಭವಿಷ್ಯನಿಧಿ, ನಿವೃತ್ತಿಯ ತನಕ ಸಂಬಳ. ಕಲ್ಕತ್ತಕ್ಕೆ ಹೋಗದೆ ಊರಲ್ಲೇ ಉಳಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಇಂದಿನ ಲೀಗ್‌ಗಳ ಗುತ್ತಿಗೆಗಳಿಗಿಂತ ಈ ವ್ಯವಸ್ಥೆ ಆಟಗಾರರ ಕುಟುಂಬಗಳನ್ನು ಹೆಚ್ಚು ಕಾಪಾಡಿತು ಎಂಬುದರಲ್ಲಿ ಸಂಶಯವಿಲ್ಲ.

ಈ ತಲೆಮಾರಿನ ಕೊನೆಯ ದೊಡ್ಡ ಸಾಹಸ ಎಚ್‌ಎಎಲ್‌ನದು. 2010ರಲ್ಲಿ ಎರಡನೇ ವಿಭಾಗದಿಂದ ಒಎನ್‌ಜಿಸಿ ಜೊತೆ ಐ-ಲೀಗ್‌ಗೆ ಬಡ್ತಿ ಪಡೆದ ತಂಡ ಮೊದಲ ಋತುವಿನಲ್ಲಿ ಹೇಗೋ ಉಳಿದುಕೊಂಡಿತು. ಜೆಸಿಟಿ ಮತ್ತು ಒಎನ್‌ಜಿಸಿ ಕೆಳಗಿಳಿದವು. 2011-12ರಲ್ಲಿ ಎಚ್‌ಎಎಲ್ ಸರದಿ ಬಂತು. ಸರ್ಕಾರಿ ಸಂಸ್ಥೆಯ ನೇಮಕಾತಿ ನಿಯಮಗಳೊಳಗೆ ಮಾರುಕಟ್ಟೆಯ ಬೆಲೆಗೆ ಆಟಗಾರರನ್ನು ತರುವುದು ಕಷ್ಟ. ಗೋವಾ, ಕಲ್ಕತ್ತಗಳ ಕ್ಲಬ್ಬುಗಳು ನೈಜೀರಿಯಾ, ಬ್ರೆಜಿಲ್‌ಗಳಿಂದ ಗೋಲುಗಾರರನ್ನು ಕರೆತರುತ್ತಿದ್ದ ಕಾಲ ಅದು. ಕ್ರೀಡಾ ಕೋಟಾದ ನೇಮಕಾತಿ ಬತ್ತುತ್ತ ಬಂದಂತೆ ಕಾರ್ಖಾನೆ ತಂಡಗಳ ಬೇರೂ ಒಣಗಿತು.

ಬೆಂಗಳೂರು ಎಫ್‌ಸಿ: ಆರು ವರ್ಷ, ಆರು ಪ್ರಶಸ್ತಿ

2013ರ ಜುಲೈ 20ರಂದು ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಬೆಂಗಳೂರು ಎಫ್‌ಸಿ ಮೊದಲ ಯತ್ನದಲ್ಲೇ, 24 ಪಂದ್ಯಗಳಿಂದ 47 ಅಂಕ ಗಳಿಸಿ, 2013-14ರ ಐ-ಲೀಗ್ ಗೆದ್ದಿತು. ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಅವರ ತಂತ್ರದಲ್ಲಿ ಗುಟ್ಟೇನೂ ಇರಲಿಲ್ಲ. ಆಹಾರ, ನಿದ್ದೆ, ಓಟದ ಅಳತೆ, ಪಂದ್ಯದ ವಿಡಿಯೊ ಅಧ್ಯಯನ, ಹಿಂದೆ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಎಂಬ ಎತ್ತರದ ಗೋಡೆ, ಮುಂದೆ ಸುನಿಲ್ ಛೆಟ್ರಿ. ದೇಶದ ಉಳಿದ ಕ್ಲಬ್ಬುಗಳು ಅಲಕ್ಷಿಸಿದ್ದ ಮೂಲಪಾಠಗಳನ್ನು ಈ ತಂಡ ಶಿಸ್ತಿನಿಂದ ಮಾಡಿತು. ಇತರರೂ ಅದನ್ನೇ ಕಲಿತ ಮೇಲೆ ಆ ಅಂತರ ಕರಗಿತು. 2015ರ ಮೇ 31ರಂದು ಕಂಠೀರವದಲ್ಲಿ ಕೊನೆಯ ಪಂದ್ಯ ಗೆದ್ದರೆ ಲೀಗ್ ಉಳಿಯುತ್ತಿತ್ತು. ಮಳೆ, ತುಂಬಿದ ಕ್ರೀಡಾಂಗಣ, 1-0 ಮುನ್ನಡೆ. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪ್ರಶಸ್ತಿಯನ್ನು ಮೋಹನ್ ಬಾಗಾನ್‌ಗೆ ಒಪ್ಪಿಸಿತು.

ಮರುವರ್ಷ ಐ-ಲೀಗ್ ಮತ್ತೆ ಬಂತು. 2016ರ ಅಕ್ಟೋಬರ್ 19ರಂದು ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೋರ್ ದಾರುಲ್ ತಾಝಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ 1-0ಯಿಂದ ಗೆದ್ದಿತು. 2014-15 ಮತ್ತು 2016-17ರ ಫೆಡರೇಷನ್ ಕಪ್, 2018ರ ಸೂಪರ್ ಕಪ್, 2018-19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿದರೆ ಆರು ವರ್ಷದಲ್ಲಿ ಆರು ದೊಡ್ಡ ಪ್ರಶಸ್ತಿ. ಹಸಿರು ಮಾರ್ಗದ ಮೆಟ್ರೊ 2017ರ ಜೂನ್‌ನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದ ಮೂಲಕ ಓಡತೊಡಗಿತು. ಕ್ಲಬ್ಬು ಐಎಸ್‌ಎಲ್ ಸೇರಿದ್ದೂ ಅದೇ ವರ್ಷ. ಹನುಮಂತನಗರ, ಬಸವನಗುಡಿಗಳ ಹುಡುಗರು ನೀಲಿ ಅಂಗಿ ತೊಟ್ಟು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿಯುವ ದೃಶ್ಯ ದಕ್ಷಿಣಕ್ಕೆ ಹೊಸದು.

ತಂತ್ರವೊಂದರ ಅಲ್ಪಾಯುಷ್ಯಕ್ಕೆ ಒಳ್ಳೆಯ ಉದಾಹರಣೆ ತರಬೇತುದಾರ ಕಾರ್ಲೆಸ್ ಕುವಾದ್ರಾತ್ ಅವರ ಕಾಲದ್ದು. ಅವರ ತಂಡ ಕಾರ್ನರ್, ಫ್ರೀಕಿಕ್, ಥ್ರೋಗಳನ್ನು ಅಸ್ತ್ರವಾಗಿಸಿಕೊಂಡಿತು. ದಿಮಾಸ್ ದೆಲ್ಗಾಡೊ ಅಳೆದು ಒದೆಯುತ್ತಿದ್ದರು, ಹುವಾನನ್ ಮತ್ತು ರಾಹುಲ್ ಭೇಕೆ ತಲೆ ಕೊಡುತ್ತಿದ್ದರು. ಭೇಕೆ ಬದಿಗೆರೆಯಿಂದ ಎಸೆದ ಥ್ರೋ ಪೆನಾಲ್ಟಿ ಚೌಕದ ನಡುವೆ ಬೀಳುತ್ತಿತ್ತು. 2019ರ ಮಾರ್ಚ್ 17ರಂದು ಮುಂಬೈಯ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ 117ನೇ ನಿಮಿಷ: ದೆಲ್ಗಾಡೊ ಕಾರ್ನರ್, ಭೇಕೆ ತಲೆ, ಗೋಲು. ಪ್ರಶಸ್ತಿ ಬಂದದ್ದು ತಾಲೀಮು ಮಾಡಿಟ್ಟ ಒಂದೇ ಚಲನೆಯಿಂದ. ಹಿಂದೆ ಗುರ್‌ಪ್ರೀತ್ ಸಿಂಗ್ ಸಂಧು 2018-19 ಮತ್ತು 2019-20ರ ಎರಡೂ ಋತುಗಳಲ್ಲಿ ಶ್ರೇಷ್ಠ ಗೋಲ್‌ಕೀಪರ್ ಆದರು.

ಈ ವಿಧಾನದ ದೌರ್ಬಲ್ಯ ಅದರೊಳಗೇ ಇತ್ತು. ಎದುರಾಳಿಗಳು ಕಾರ್ನರ್ ಕೊಡದಂತೆ ಆಡುವುದನ್ನೂ ಭೇಕೆಯ ಓಟಕ್ಕೆ ಅಡ್ಡ ನಿಲ್ಲುವುದನ್ನೂ ಕಲಿತರು. ತೆರೆದ ಆಟದಲ್ಲಿ ಗೋಲು ಹುಟ್ಟಿಸುವ ದಾರಿ ತಂಡಕ್ಕೆ ಸಾಲದಾಯಿತು. ದೆಲ್ಗಾಡೊಗೆ ವಯಸ್ಸಾಯಿತು. 2020-21ರ ಋತು ಕೋವಿಡ್‌ನಿಂದಾಗಿ ಇಡೀ ಗೋವಾದಲ್ಲಿ, ಕಂಠೀರವದ ಗದ್ದಲವಿಲ್ಲದೆ ನಡೆಯಿತು. 2021ರ ಜನವರಿಯಲ್ಲಿ ಕುವಾದ್ರಾತ್ ಹೊರಟರು, ತಂಡ ಏಳನೇ ಸ್ಥಾನಕ್ಕೆ ಇಳಿಯಿತು. 2022ರ ಡ್ಯುರಾಂಡ್ ಕಪ್ ಗೆಲುವು, 2022-23 ಮತ್ತು 2024-25ರ ಐಎಸ್‌ಎಲ್ ಫೈನಲ್‌ಗಳು ಬಂದರೂ ನಡುವೆ 2023-24ರಲ್ಲಿ ಹತ್ತನೇ ಸ್ಥಾನವೂ ಬಂತು. ಮೊದಲ ಆರು ವರ್ಷದ ಹಿಡಿತ ಮರಳಲಿಲ್ಲ.

ಒಂದೆರಡು ಋತುಗಳ ತಾರೆಗಳು

ವೆನೆಜುವೆಲಾದ ಮಿಕು 2017-18ರ ಐಎಸ್‌ಎಲ್‌ನಲ್ಲಿ 15 ಗೋಲು ಹೊಡೆದರು. ಆ ವರ್ಷದ ಸೂಪರ್ ಕಪ್ ಸೆಮಿಫೈನಲ್‌ನಲ್ಲಿ ಹತ್ತೇ ಜನರಾಗಿದ್ದ ತಂಡಕ್ಕೆ ಮೋಹನ್ ಬಾಗಾನ್ ವಿರುದ್ಧ ಹ್ಯಾಟ್ರಿಕ್ ಕೊಟ್ಟರು. ಮುಂದಿನ ಋತುವನ್ನು ಗಾಯ ತಿಂದುಹಾಕಿತು. 2019ರಲ್ಲಿ ಅವರು ಬೆಂಗಳೂರು ಬಿಟ್ಟರು. ಶಿವಶಕ್ತಿ ನಾರಾಯಣನ್ 2022ರ ಡ್ಯುರಾಂಡ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದು, ಆ ಐಎಸ್‌ಎಲ್ ಋತುವಿನ ಉದಯೋನ್ಮುಖ ಆಟಗಾರ ಎನಿಸಿದರು. ನಂತರ ಗೋಲುಗಳು ವಿರಳವಾದವು. ಇಪ್ಪತ್ತರ ಹರೆಯದ ಆಟಗಾರನ ಲೆಕ್ಕವನ್ನು ಇಷ್ಟು ಬೇಗ ಮುಗಿಸುವುದು ಅನ್ಯಾಯ.

ಜಗತ್ತಿನ ಆಟದಲ್ಲೂ ಇಂಥವರಿದ್ದಾರೆ. ಇಟಲಿಯ ಸಾಲ್ವತೋರೆ ಸ್ಕಿಲಾಚಿ 1990ರ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದರು. ಆಮೇಲೆ ದೇಶಕ್ಕಾಗಿ ಹೊಡೆದದ್ದು ಒಂದೇ. ರಷ್ಯಾದ ಒಲೆಗ್ ಸಲೆಂಕೊ 1994ರಲ್ಲಿ ಕ್ಯಾಮರೂನ್ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಗೋಲು ಬಾರಿಸಿದರು. ರಾಷ್ಟ್ರೀಯ ತಂಡಕ್ಕೆ ಅದೇ ಅವರ ಕೊನೆಯ ಪಂದ್ಯ. 2004ರಲ್ಲಿ ಯುರೋಪಿನ ಚಾಂಪಿಯನ್ನಾದ ಗ್ರೀಸ್ 2006ರ ವಿಶ್ವಕಪ್‌ಗೆ ಅರ್ಹತೆಯನ್ನೂ ಗಳಿಸಲಿಲ್ಲ.

ಸಣ್ಣ ಕ್ಲಬ್ಬುಗಳು ಮತ್ತು ಸ್ಥಳೀಯ ಲೀಗ್

2023-24ರಲ್ಲಿ ಐ-ಲೀಗ್ 2 ಗೆದ್ದು ಬಡ್ತಿ ಪಡೆದ ಎಸ್‌ಸಿ ಬೆಂಗಳೂರು ಒಂದೇ ಋತು ಮೇಲಿನ ಮಟ್ಟದಲ್ಲಿ ಆಡಿ 2024-25ರಲ್ಲಿ ಕೆಳಗಿಳಿಯಿತು. ಸಣ್ಣ ಕ್ಲಬ್ಬಿಗೆ ಬಡ್ತಿಯ ವರ್ಷವೇ ಕಠಿಣ: ಪ್ರಯಾಣದ ಖರ್ಚು ಏರುತ್ತದೆ, ಆಟಗಾರರ ಬೆಲೆ ಏರುತ್ತದೆ, ಟಿಕೆಟ್ ಹಣ ಏರುವುದಿಲ್ಲ.

ಇವೆಲ್ಲದರ ಬುಡದಲ್ಲಿರುವುದು ಬೆಂಗಳೂರು ಜಿಲ್ಲಾ ಲೀಗ್. ರಿಯಾದ್‌ನಲ್ಲಿ ಗೆದ್ದ ತಂಡ ರೂಪುಗೊಂಡದ್ದು ಇಲ್ಲಿನ ಪಂದ್ಯಗಳಿಂದ. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಅಶೋಕನಗರದ ಮೆಗ್ರಾತ್ ರಸ್ತೆಯಲ್ಲಿ ಗರುಡಾ ಮಾಲ್ ಎದುರಿಗಿದೆ. ಹನುಮಂತನಗರದವರೂ ಜಯನಗರದವರೂ ಬನಶಂಕರಿಯವರೂ ಮಕ್ಕಳನ್ನು ಕರೆದುಕೊಂಡು ಒಮ್ಮೆ ಲೀಗ್ ಪಂದ್ಯ ನೋಡಲು ಹೋಗಬೇಕು. ಮುಂದಿನ ಸಂತೋಷ್ ಟ್ರೋಫಿ ತಂಡದ ಹುಡುಗರು ಅಲ್ಲಿ ಈಗಾಗಲೇ ಆಡುತ್ತಿದ್ದಾರೆ.